ಫಾರ್ಮ್ಯಾಟ್ ಹೊಡೆಯೋ ಮುಂಚೆ ಒಂದು ನಿಮಿಷ

ನಮ್ಮ ನಿಟ್ಟೂರಿನ ಕಡೆ ಕಂಪ್ಯೂಟರ್‌ಗೆ ಯಾವ ಕಾಯಿಲೆ ಬಂದರೂ ಮದ್ದು ಒಂದೇ, ಫಾರ್ಮ್ಯಾಟ್. ಸ್ಲೋ ಆಯ್ತಾ, ಫಾರ್ಮ್ಯಾಟ್. ಪ್ರಿಂಟ್ ಬರ್ತಿಲ್ವಾ, ಫಾರ್ಮ್ಯಾಟ್. ಗುಬ್ಬಿಗೋ ತುಮಕೂರಿಗೋ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿ ರಿಪೇರಿ ಅಂಗಡಿಗೆ ಕೊಟ್ಟರೆ ಸಂಜೆ ಹೊತ್ತಿಗೆ ಹೊಸದರ ಹಾಗೆ ವಾಪಸ್ ಬರುತ್ತೆ. ಒಳಗಿದ್ದ ಮಗುವಿನ ನಾಮಕರಣದ ಫೋಟೊ, ತೋಟದ ಲೆಕ್ಕ, ಮಾವನವರು ಸ್ಕ್ಯಾನ್ ಮಾಡಿಸಿಟ್ಟಿದ್ದ ಪಹಣಿ ಮಾತ್ರ ಇರಲ್ಲ. "ಬ್ಯಾಕಪ್ ಇಟ್ಕೊಂಡಿರ್ತೀರಲ್ವಾ ಮೇಡಂ?" ಅಂತಾರೆ. ಯಾರ ಮನೇಲಿರುತ್ತೆ ಹೇಳಿ ಬ್ಯಾಕಪ್ಪು!

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. 2011ರ ನಂತರ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ 'ವಿಷಯ ಶಿಕ್ಷಕರ ವೇದಿಕೆ' ಅಂತ ಒಂದು ತರಬೇತಿ ಶುರುವಾಯಿತು. ಶಿಕ್ಷಣ ಇಲಾಖೆಯ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ್ದು. ಅಲ್ಲಿ ಕಲಿಸಿದ್ದು ವಿಂಡೋಸ್ ಅಲ್ಲ, ಉಬುಂಟು. ಜಿಯೋಜೀಬ್ರಾದಲ್ಲಿ ವೃತ್ತ, ಸ್ಪರ್ಶಕ ಎಳೆಯೋದು ಕಲಿಯಲು ಹೋದವಳು ಜೊತೆಗೆ ಲಿನಕ್ಸನ್ನೂ ಮನೆಗೆ ತಂದೆ. ಈಗ ನಿವೃತ್ತಿ. ಬೆಳಿಗ್ಗೆ ಕಾಫಿ ಮುಗಿಯೋ ಹೊತ್ತಿಗೆ ಯಾರಾದರೊಬ್ಬರು ಲ್ಯಾಪ್‌ಟಾಪ್ ಬ್ಯಾಗು ಹಿಡಿದು ಗೇಟಿನ ಹತ್ತಿರ ನಿಂತಿರ್ತಾರೆ.

ಹಾಗೆ ಬರೋರು ಈಚೆಗೆ ಜಾಸ್ತಿಯಾಗಿದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತಲ್ಲ, ವಿಂಡೋಸ್ 11 ಹತ್ತದ ಹಳೇ ಲ್ಯಾಪ್‌ಟಾಪುಗಳಿಗೆಲ್ಲ ಮಕ್ಕಳು ಲಿನಕ್ಸ್ ಹಾಕಿಕೊಡ್ತಿದಾರೆ. ಒಳ್ಳೇ ಕೆಲಸವೇ. ಆದರೆ ಮಗ ಶನಿವಾರ ಬಂದು ಹಾಕಿ, ಭಾನುವಾರ ಸಂಜೆ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಿಡ್ತಾನೆ. ಸೋಮವಾರ ಅದು ಕೈಕೊಟ್ಟರೆ ಎದುರಿಗಿರೋದು ಅಮ್ಮ. ಈ ಬರಹ ಆ ಅಮ್ಮಂದಿರಿಗೆ.

ಮೊದಲು ಹೆದರಿಕೆ ಬಿಡಿ. ಲಿನಕ್ಸ್ ಅನ್ನೋದು ಯಾವುದೋ ಅನ್ಯಲೋಕದ ವಸ್ತುವಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೂನಿಕ್ಸ್ ಅನ್ನೋ ವ್ಯವಸ್ಥೆಯ ರೀತಿಯಲ್ಲೇ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅನ್ನೋ ಫಿನ್ಲೆಂಡಿನ ವಿದ್ಯಾರ್ಥಿ ಬರೆದದ್ದು. ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಅದರ ಒಂದು ಗುಣ ನನಗೆ ಇಷ್ಟ. ಏನು ನೋವು ಅಂತ ಬಾಯಿಬಿಟ್ಟು ಹೇಳುತ್ತೆ. ನಾವು ಓದಬೇಕು ಅಷ್ಟೆ. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದ ಕೂಡಲೇ ಸ್ವಿಚ್ ಆರಿಸಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ಹೊಡ್ಕೊಳ್ಳಿ. ಅರ್ಧ ರಿಪೇರಿ ಆ ಫೋಟೊದಲ್ಲೇ ಇರುತ್ತೆ.

ಕಳೆದ ಬೇಸಿಗೆಯಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ಬಂದಳು. ತುಮಕೂರಿನಲ್ಲಿ ಡಿಗ್ರಿ ಕೊನೇ ವರ್ಷ. ಮೂರು ದಿನ ಬಿಟ್ಟು ಪ್ರಾಜೆಕ್ಟ್ ಕೊಡಬೇಕು. "ಮಿಸ್, ಪಾಸ್‌ವರ್ಡ್ ಸರಿಯಾಗೇ ಹಾಕ್ತಿದೀನಿ, ಒಳಗೆ ಹೋದಂಗೆ ಮಾಡಿ ಆಚೆಗೆ ತಳ್ತಾ ಐತೆ" ಅಂತ ಅಳೋದೊಂದು ಬಾಕಿ. ಅಂಗಡಿಯವರು ಅದೇ ಮಂತ್ರ ಹೇಳಿದ್ದರು. ಎಂಟು ತಿಂಗಳ ಕೆಲಸ ಒಳಗಿತ್ತು.

ಪಾಸ್‌ವರ್ಡ್ ತಪ್ಪಿದ್ದರೆ 'ತಪ್ಪು' ಅಂತ ಹೇಳುತ್ತೆ. ಇದು ಹೇಳ್ತಿಲ್ಲ, ಒಳಗೆ ಬಿಟ್ಟುಕೊಂಡು ವಾಪಸ್ ಕಳಿಸ್ತಿದೆ ಅಂದರೆ ಬೀಗ ಸರಿ ಇದೆ, ಮನೆ ಒಳಗೆ ನಿಲ್ಲೋಕೆ ಜಾಗ ಇಲ್ಲ ಅಂತ. ಕಂಟ್ರೋಲ್, ಆಲ್ಟ್, ಎಫ್3 ಮೂರೂ ಕೀಲಿ ಒಟ್ಟಿಗೆ ಒತ್ತಿದೆವು. ಚಿತ್ರವೆಲ್ಲ ಮಾಯವಾಗಿ ಕರೀ ಪರದೆ ಬಂತು. ಇದನ್ನ ಕಂಡು ಬೆಚ್ಚಬೇಡಿ, ಇದು ಹಿತ್ತಲ ಬಾಗಿಲು. ಬಳಕೆದಾರರ ಹೆಸರು ಕೇಳುತ್ತೆ, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್ ಹೊಡೆಯುವಾಗ ಒಂದು ಚುಕ್ಕಿಯೂ ಕಾಣಲ್ಲ. ಕೀಬೋರ್ಡ್ ಸತ್ತಿದೆ ಅಂತ ಎಷ್ಟೋ ಜನ ಇಲ್ಲೇ ಎದ್ದುಹೋಗ್ತಾರೆ! ಸತ್ತಿಲ್ಲ, ಪಕ್ಕದಲ್ಲಿ ಕೂತವರಿಗೆ ಎಷ್ಟು ಅಕ್ಷರ ಅಂತಲೂ ಗೊತ್ತಾಗಬಾರದು ಅಂತ ಹಾಗೆ ಮಾಡಿದಾರೆ. ಹೊಡೆದು ಎಂಟರ್ ಒತ್ತಿ.

ಅಲ್ಲಿ ಹಾಕಿದ್ದು ಡಿ, ಎಫ್, ಒಂದು ಜಾಗ, ಅಡ್ಡಗೆರೆ, ಎಚ್. ಎಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಯಾಕಂದ್ರೆ ಲಿನಕ್ಸಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ಅನ್ನೋ ಲೆಕ್ಕ ಅದು. ಶೇಕಡ 100 ತುಂಬಿತ್ತು. ಡೆಸ್ಕ್‌ಟಾಪ್ ತೆರೆಯುವಾಗ ಅದು ಕೆಲವು ಸಣ್ಣಪುಟ್ಟ ಕಡತ ಬರೆದುಕೊಳ್ಳಬೇಕು. ಬರೆಯೋಕೆ ಜಾಗವಿಲ್ಲದೆ ಹುಡುಗಿಯನ್ನ ಆಚೆಗೆ ಕಳಿಸ್ತಿತ್ತು. ಹಾಗಾದರೆ ಸರಿಮಾಡೋಕೆ ಜಾಗ ಎಲ್ಲಿಂದ ಬಂತು ಅಂತ ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸೋ ಎಕ್ಸ್ಟ್4 ಅನ್ನೋ ಡಿಸ್ಕ್ ವ್ಯವಸ್ಥೆ ಶೇಕಡ 5ರಷ್ಟು ಜಾಗವನ್ನ ಯಜಮಾನನಿಗೆ ಅಂತ ಮೊದಲೇ ಎತ್ತಿಟ್ಟಿರುತ್ತೆ. ನಾವು ಎಷ್ಟೇ ಬರ ಬಂದರೂ ಬಿತ್ತನೆ ರಾಗಿ ಮುಟ್ಟಲ್ಲ, ಹಂಗೆ.

ಜಾಗ ತಿಂದವರು ಯಾರು ಅಂತ ಹುಡುಕೋದು ಡಿ ಯು ಅನ್ನೋ ಕಮಾಂಡು. ಹುಡುಗಿ ಸಿನಿಮಾ ತುಂಬಿಸಿದಾಳೆ ಅಂತ ಅವಳಮ್ಮ ಪಕ್ಕದಲ್ಲೇ ಬಯ್ತಾ ನಿಂತಿದ್ದರು. ಪಾಪ, ಸಿನಿಮಾ ಒಂದೂ ಇರಲಿಲ್ಲ. ಲಾಗ್ ಅನ್ನೋ ಫೋಲ್ಡರಿನಲ್ಲಿ ಒಂದೇ ಕಡತ ಹತ್ತಾರು ಜಿಬಿ ಬೆಳೆದು ಕೂತಿತ್ತು. ಲಾಗ್ ಅಂದರೆ ಯಂತ್ರದ ದಿನಚರಿ. ವೈಫೈ ಚಿಪ್ಪಿಗೆ ಏನೋ ತೊಂದರೆಯಾಗಿ, ಅದು ಒಂದೇ ದೂರನ್ನ ಸೆಕೆಂಡಿಗೆ ಎಷ್ಟೋ ಸಲ ಬರೀತಾ ಹೋಗಿತ್ತು. ಆ ಕಡತವನ್ನ ಖಾಲಿ ಮಾಡಿ ಮತ್ತೆ ಶುರುಮಾಡಿದರೆ ಪ್ರಾಜೆಕ್ಟು ಇಟ್ಟಲ್ಲೇ ಇತ್ತು. ಅಮ್ಮನ ಬೈಗುಳ ಮಾತ್ರ ಆಗಲೇ ಮುಗಿದುಹೋಗಿತ್ತು, ವಾಪಸ್ ತಗೊಳ್ಳೋಕೆ ಆಗಲಿಲ್ಲ. ಹೊಸ ವೈಫೈ ಡ್ರೈವರ್ ಹಾಕಿದ ಮೇಲೆ ಲಾಗು ಮತ್ತೆ ಉಬ್ಬಿಲ್ಲ.

ನಿಮ್ಮಲ್ಲಿ ಹೀಗಾದರೆ ಮೊದಲು ಕಸದ ಬುಟ್ಟಿ ನೋಡಿ. ಟ್ರ್ಯಾಶಿಗೆ ಹಾಕಿದ್ದು ಹೋಗಿರಲ್ಲ, ಜಾಗ ಹಿಡಿದೇ ಇರುತ್ತೆ. ಆಮೇಲೆ ಉಬುಂಟು, ಮಿಂಟ್ ಇದ್ದವರು 'ಸುಡೊ ಆ್ಯಪ್ಟ್ ಆಟೊರಿಮೂವ್' ಹಾಕಿದರೆ ಅಪ್‌ಡೇಟ್ ಆದಾಗಲೆಲ್ಲ ಉಳಿದುಕೊಂಡ ಹಳೇ ಕರ್ನಲ್‌ಗಳು ಹೋಗ್ತವೆ. ಸುಡೊ ಅಂದರೆ ಯಜಮಾನಿಕೆಯಿಂದ ಹೇಳ್ತಿದೀನಿ ಅಂತ. ನಮ್ಮ ಕಡೆ ಅದನ್ನ 'ಸುಡು' ಅಂತಾರೆ, ಅದೂ ತಪ್ಪಲ್ಲ. ಅರ್ಥವಾಗದ ಕಮಾಂಡನ್ನ ಎಲ್ಲಿಂದಲೋ ತಂದು ಸುಡೊ ಹಾಕಿ ಹೊಡೆದರೆ ನಿಜವಾಗಿಯೂ ಎಲ್ಲ ಸುಟ್ಟುಹೋಗುತ್ತೆ.

ಇನ್ನು ಕರೆಂಟು. ಬ್ಯಾಟರಿ ಸತ್ತ ಲ್ಯಾಪ್‌ಟಾಪು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪು ಬರೀತಾ ಇದ್ದಾಗ ಕರೆಂಟ್ ಹೋದರೆ ಡಿಸ್ಕಿನ ಲೆಕ್ಕ ಅರ್ಧಕ್ಕೆ ನಿಲ್ಲುತ್ತೆ. ಮತ್ತೆ ಹಾಕಿದಾಗ ಕರೀ ಪರದೆ ಮೇಲೆ 'ಇನಿಟ್‌ರಾಮ್‌ಎಫ್‌ಎಸ್' ಅಂತ ಬರೆದು ಕೂತುಬಿಡುತ್ತೆ. ಅದರ ಮೇಲಿನ ಸಾಲುಗಳನ್ನ ಓದಿ. 'ಎಫ್‌ಎಸ್‌ಸಿಕೆಯನ್ನ ನೀವೇ ಓಡಿಸಿ' ಅಂತ ಅದೇ ಹೇಳಿರುತ್ತೆ, ಡಿಸ್ಕಿನ ಯಾವ ಭಾಗ ಅಂತಲೂ ಹೆಸರು ಕೊಟ್ಟಿರುತ್ತೆ. ಎಫ್‌ಎಸ್‌ಸಿಕೆ ಅಂತ ಹೊಡೆದು, ಜಾಗ ಬಿಟ್ಟು, ಅದು ಕೊಟ್ಟ ಹೆಸರನ್ನೇ ಬರೆದು ಎಂಟರ್ ಒತ್ತಿದರೆ ಒಂದೊಂದೇ ಪ್ರಶ್ನೆ ಕೇಳ್ತಾ ಲೆಕ್ಕ ಸರಿಮಾಡಿಕೊಳ್ಳುತ್ತೆ, ನಾವು 'ವೈ' ಅಂತಿರಬೇಕು. ಮುಗಿದ ಮೇಲೆ 'ಎಕ್ಸಿಟ್'. ಡಿಸ್ಕು ಕಟಕಟ ಅಂತ ಸದ್ದು ಮಾಡ್ತಿದ್ದರೆ ಮಾತ್ರ ಇದನ್ನ ಮಾಡಬೇಡಿ. ಅದು ಲೆಕ್ಕದ ತಪ್ಪಲ್ಲ, ಡಿಸ್ಕೇ ಸಾಯ್ತಿದೆ. ಮೊದಲು ಒಳಗಿರೋದನ್ನ ಆಚೆಗೆ ತೆಗೀಬೇಕು.

ತೆಗೆಯೋದು ಹೇಗೆ? ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಒಂದು ಮನೇಲಿರಲಿ. ಮಗ ಇನ್‌ಸ್ಟಾಲ್ ಮಾಡಲು ತಂದಿದ್ದನಲ್ಲ, ಅದನ್ನ ವಾಪಸ್ ಕೊಡಬೇಡಿ, ಸಾಸಿವೆ ಡಬ್ಬಿ ಪಕ್ಕ ಇಟ್ಕೊಳ್ಳಿ. ಯಂತ್ರದ ಡಿಸ್ಕನ್ನ ಮುಟ್ಟದೆ ಆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಯುತ್ತೆ. ಶುರುವಾದಾಗ 'ಇನ್‌ಸ್ಟಾಲ್' ಬೇಡ, 'ಟ್ರೈ' ಅನ್ನೋದನ್ನ ಆರಿಸಿ. ಒಳಗಿನ ಡಿಸ್ಕು ಇನ್ನೊಂದು ಫೋಲ್ಡರಿನ ಹಾಗೆ ಕಾಣುತ್ತೆ. ಫೋಟೊ, ಕಾಗದಪತ್ರ ಎಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡ್ಕೊಂಡ ಮೇಲೆ ಅಂಗಡಿಯವರು ಏನು ಬೇಕಾದರೂ ಹೊಡೀಲಿ. ಮೂವತ್ತು ಜನರಲ್ಲಿ ಒಬ್ಬರಿಗಾದರೂ ನಾನು ಮಾಡಿಕೊಟ್ಟಿದ್ದು ಇಷ್ಟೇ ಕೆಲಸ.

ವಿಂಡೋಸೂ ಲಿನಕ್ಸೂ ಎರಡೂ ಇರೋ ಯಂತ್ರದಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತೆ. ಒಬ್ಬರು ಇದಕ್ಕೆ ವೈರಸ್ ಅಂತ ದುಡ್ಡು ಕೊಟ್ಟು ಬಂದಿದ್ದರು. ಯಂತ್ರದೊಳಗಿನ ಗಡಿಯಾರ ಭಾರತದ ಸಮಯ ತೋರಿಸ್ತಿದೆ ಅಂತ ವಿಂಡೋಸ್ ತಿಳೀತದೆ, ಲಿನಕ್ಸು ಅದನ್ನ ಗ್ರೀನಿಚ್ ಸಮಯ ಅಂದುಕೊಳ್ಳುತ್ತೆ. ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ. ಲಿನಕ್ಸಿಗೆ 'ಇದು ಊರಿನ ಸಮಯ' ಅಂತ ಒಂದು ಸಲ ಹೇಳಿಕೊಟ್ಟರೆ ಜಗಳ ಮುಗೀತು. ತಾರೀಕೇ ಹತ್ತು ವರ್ಷ ಹಿಂದಕ್ಕೆ ಹೋಗಿ, ಯಾವ ವೆಬ್‌ಸೈಟೂ ತೆರೀತಿಲ್ಲ ಅಂದರೆ ಕಾರಣ ಬೇರೆ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದೆ, ಬದಲಾಯಿಸಿ. ವೈಫೈ ಕಾಣ್ತಿಲ್ಲವಾ, ಫೋನಿಗೆ ಚಾರ್ಜರ್ ವೈರು ಹಾಕಿ ಲ್ಯಾಪ್‌ಟಾಪಿಗೆ ಚುಚ್ಚಿ ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ, ಆ ಇಂಟರ್ನೆಟ್ಟಿನಿಂದಲೇ ವೈಫೈಯ ಡ್ರೈವರ್ ಇಳಿಸ್ಕೊಳ್ಳಿ.

ಕನ್ನಡದ ತೊಂದರೆಯನ್ನ ಕೊನೆಗೆ ಇಟ್ಟಿದೀನಿ, ಹೇಳೋದು ಜಾಸ್ತಿ ಇದೆ ಅಂತ. ಗುಬ್ಬಿ ವೀರಣ್ಣನವರ ತಾಲ್ಲೂಕು ನಮ್ಮದು. ಇವತ್ತಿಗೂ ಕುರುಕ್ಷೇತ್ರ ಆಡದ ಹಳ್ಳಿ ಇಲ್ಲ. ಹತ್ತಿರದ ಹಳ್ಳಿಯ ಒಬ್ಬ ನಾಟಕದ ಮೇಷ್ಟ್ರು ತಾವೇ ಪದ ಸೇರಿಸಿ ಕುರುಕ್ಷೇತ್ರದ ಪ್ರತಿಯೊಂದನ್ನ ಸಿದ್ಧಮಾಡಿ, ಇಪ್ಪತ್ತು ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಮೇಷ್ಟ್ರು ತೀರಿಕೊಂಡರು. ಕಾಗದದ ಪ್ರತಿಯನ್ನ ಗೆದ್ದಲು ತಿಂತು. ಉಳಿದದ್ದು ಕಂಪ್ಯೂಟರಿನ ಕಡತ ಒಂದೇ. ಮಗ ಅದನ್ನ ಲಿನಕ್ಸಿನ ಲಿಬ್ರೆ ಆಫೀಸಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡಿನ ಗುರುತು. "ಫೈಲ್ ಕೆಟ್ಟೋಗೈತೆ, ಬಿಟ್ಬಿಡಿ" ಅಂದಿದ್ದರಂತೆ ಯಾರೋ.

ಕೆಟ್ಟಿರಲಿಲ್ಲ. ಆ ಪೌಂಡಿನ ಗುರುತೇ ಸಾಕ್ಷಿ. ಹಳೇ ನುಡಿ, ಬರಹ ಫಾಂಟುಗಳ ಕಾಲದಲ್ಲಿ ಕನ್ನಡದ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸ್ವಂತ ಮನೆ ಇರಲಿಲ್ಲ, ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗಿದ್ದವು. ನುಡಿಯಲ್ಲಿ 'ನ' ಇದ್ದದ್ದು ಪೌಂಡಿನ ಮನೆಯಲ್ಲಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ಬಾಡಿಗೆದಾರ ಕಾಣಲ್ಲ, ಮನೆ ಮಾಲೀಕ ಕಾಣ್ತಾನೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಅಂತಲೇ 128 ಮನೆಗಳ ಬೀದಿ ಸಿಕ್ಕಿತು. ಹಾಗಾಗಿ ಇಂಥ ಕಡತ ಸಿಕ್ಕರೆ ಹಳೇ ನುಡಿ ಫಾಂಟನ್ನ ಹಾಕಿಕೊಂಡು ಓದಬಹುದು, ಇಲ್ಲವೇ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ಬದಲಾಯಿಸಬಹುದು. ನಾವು ಎರಡೂ ಮಾಡಿದೆವು. ಒಂದು ಕಿಟಕಿಯಲ್ಲಿ ಹಳೇದು, ಪಕ್ಕದಲ್ಲಿ ಹೊಸದು. 'ದುರ್ಯೋಧನ' ಅಂತ ಕಂಡಾಗ ಆ ಹುಡುಗ ಏನೂ ಮಾತಾಡಲಿಲ್ಲ. ಪರದೆಯನ್ನ ಮುಟ್ಟಿ ನೋಡಿದ.

ತಿದ್ದೋಕೆ ಹೊಸ ಕೀಬೋರ್ಡ್ ಕಲೀಬೇಕಾಗಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ನೀವು ಬಳಸ್ತಿದ್ದ ಅದೇ ಕೀಲಿಮಣೆ ಲಿನಕ್ಸಿನಲ್ಲಿ 'ಕೆಜಿಪಿ' ಅಥವಾ 'ಕಗಪ' ಅನ್ನೋ ಹೆಸರಲ್ಲಿದೆ, ಕೀಬೋರ್ಡ್ ಸೆಟ್ಟಿಂಗಿನಲ್ಲಿ ಸೇರಿಸಿಕೊಂಡರಾಯಿತು. ಉಬುಂಟುವಿನ ಕನ್ನಡ ಫಾಂಟುಗಳಲ್ಲಿ ಒಂದರ ಹೆಸರು ಗುಬ್ಬಿ! ಜೊತೆಗೆ ನವಿಲು ಅನ್ನೋದೂ ಇರೋದರಿಂದ ಅದು ಹಕ್ಕಿ ಗುಬ್ಬಿಯೇ ಸರಿ. ಆದರೂ ನಮ್ಮ ಮಕ್ಕಳಿಗೆ ತೋರಿಸುವಾಗ ನಾನು ತಾಲ್ಲೂಕಿನ ಹೆಸರು ಅಂತಲೇ ತೋರಿಸೋದು.

ಪರಿವರ್ತಕ ಎಲ್ಲವನ್ನೂ ಸರಿಯಾಗಿ ಮಾಡಿಲ್ಲ. ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹಾರಿದೆ, ಒತ್ತಕ್ಷರ ಎರಡೆರಡಿದ್ದ ಕಡೆ ಒಂದು ಕಳೆದುಹೋಗಿದೆ. ಭಾನುವಾರ ಭಾನುವಾರ ಆ ಹುಡುಗ ಬಂದು ಓದ್ತಾನೆ, ನಾನು ತಿದ್ದುತೀನಿ. ಎರಡನೇ ಅಂಕ ಮುಗಿದಿದೆ. ಶಿವರಾತ್ರಿಗೆ ಅವರ ಊರಲ್ಲಿ ನಾಟಕ ಇಟ್ಕೊಂಡಿದಾರೆ, ಹಾರ್ಮೋನಿಯಂ ಮೇಷ್ಟ್ರು ಆಗಲೇ ಎರಡು ಸಲ ಫೋನ್ ಮಾಡಿ ಪ್ರತಿ ಕೇಳಿದರು.