ಹಠ ಹಿಡಿದ ಬುಷ್ ಹೊರಗೆ ತಂದದ್ದು ಹಳೇ ಪೇಪರು!

2023ರಲ್ಲಿ ಮುಂಗಾರು ನಮ್ಮ ಶಿರಾ ಕಡೆ ಕೈಕೊಟ್ಟಿತು. ಕಡ್ಲೆಕಾಯಿ ಬಿತ್ತನೆಗೆ ಹಾಕಿದ ಬೀಜದ ದುಡ್ಡೂ ವಾಪಸ್ ಬರಲಿಲ್ಲ. ಉಳಿದ ಆಸೆ ಎಂದರೆ ಹಿಂದಿನ ವರ್ಷ ನೆಟ್ಟಿದ್ದ 140 ಮಾವಿನ ಸಸಿ. ನನ್ನ ಹಳೇ ಜೀಪಿಗೆ ಟ್ರೇಲರ್ ಕಟ್ಟಿ, ವಾರಕ್ಕೊಮ್ಮೆ ಡ್ರಮ್ಮುಗಳಲ್ಲಿ ನೀರು ಹೊಯ್ದು ಉಳಿಸಿಕೊಂಡಿದ್ದೆ. ಅಷ್ಟರಲ್ಲಿ ಜೀಪೇ ಕೆಟ್ಟು ಕೂತಿತು.

ಕ್ಲಚ್ ಪೂರ್ತಿ ಒತ್ತಿದರೆ ಕೀ... ಅಂತ ಕೂಗು. ಬಿಟ್ಟರೆ ಸದ್ದಿಲ್ಲ. ಗೇರ್ ಹಾಕಲು ಹೋದರೆ ಕರಕರ ಅನ್ನುತ್ತಿತ್ತು. ಪಟ್ಟಣದ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. "ಪೈಲಟ್ ಬುಷ್ ಹೋಗಿದೆ. ಕಚ್ಕೊಂಡಿದ್ರೆ ಎಂಜಿನ್ ಇಳಿಸಿ ಕ್ರ್ಯಾಂಕೇ ಹೊರಗೆ ತೆಗೀಬೇಕು, 9 ಸಾವಿರ ಆಗುತ್ತೆ" ಅಂದರು. ಬುಷ್‌ನ ಬೆಲೆ ಕೇಳಿದರೆ 120 ರೂಪಾಯಿ! ನೂರಿಪ್ಪತ್ತರ ಸಾಮಾನಿಗೆ ಒಂಬತ್ತು ಸಾವಿರ ಎಲ್ಲಿಂದ ತರೋದು? ಬುಷ್ ಮಾತ್ರ ತಗೊಂಡು ಊರಿಗೆ ಬಂದೆ.

ಏನಿದು ಪೈಲಟ್ ಬುಷ್?

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿಯಲ್ಲಿ ಒಂದು ಕುಳಿ ಇರುತ್ತದೆ. ಅದರೊಳಗೆ ಕಂಚಿನ ಬಳೆಯಂಥ ಬುಷ್ ಬಿಗಿಯಾಗಿ ಕೂತಿರುತ್ತದೆ. ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಈ ಬುಷ್‌ನೊಳಗೆ ಕೂರುತ್ತದೆ. ಕ್ಲಚ್ ಬಿಟ್ಟಾಗ ಎರಡೂ ಒಟ್ಟಿಗೆ ತಿರುಗುವುದರಿಂದ ಬುಷ್‌ಗೆ ಸವೆತವಿಲ್ಲ. ಕ್ಲಚ್ ಒತ್ತಿ ಗೇರ್ ಹಾಕಿದಾಗ ಕ್ರ್ಯಾಂಕ್ ತಿರುಗುತ್ತದೆ, ಶಾಫ್ಟ್ ನಿಲ್ಲುತ್ತದೆ. ಆಗಲೇ ಉಜ್ಜೋದು. ಬುಷ್ ಒಣಗಿ ಶಾಫ್ಟನ್ನು ಹಿಡಿದುಕೊಂಡರೆ ಶಾಫ್ಟ್ ನಿಲ್ಲುವುದಿಲ್ಲ, ಗೇರ್ ಬೀಳುವುದಿಲ್ಲ. ಕ್ಲಚ್ಚಿನ ಬೇರಿಂಗ್ ಹೋದರೂ ಸದ್ದು ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಪೆಡಲ್ ಸ್ವಲ್ಪ ಒತ್ತಿದಾಗಲೇ ಶುರುವಾಗುತ್ತದೆ.

ನಾನು ಮಾಡಿದ ತಪ್ಪು

ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿ ವೈರ್ ಬಿಚ್ಚಿ, ಮೂರು ಜನ ಸೇರಿ ಗೇರ್‌ಬಾಕ್ಸ್ ಇಳಿಸಿದೆವು. ಕ್ಲಚ್ ಪ್ಲೇಟ್ ತೆಗೆದ ಮೇಲೆ ಬುಷ್ ಕಂಡಿತು. ಹಿಂದಿನಿಂದ ಬಡಿಯೋಣ ಅಂದರೆ ಕುಳಿಗೆ ಇನ್ನೊಂದು ಬಾಯಿಲ್ಲ. ನಾನು ಅವಸರಕ್ಕೆ ಸಣ್ಣ ಉಳಿ ತಗೊಂಡು ಅಂಚಿಗೆ ಬಡಿದೆ. ಬುಷ್ ಅಂಚು ಮುರಿಯಿತು, ಉಳಿ ಜಾರಿ ಕ್ರ್ಯಾಂಕಿನ ಕುಳಿಗೇ ಗೀರು ಬಿತ್ತು. ಎದೆ ಧಸಕ್ಕೆಂದಿತು. ಬುಷ್ ಹೋದರೆ 120, ಕ್ರ್ಯಾಂಕ್ ಕೆಟ್ಟರೆ ಜೀಪೇ ಗುಜರಿಗೆ. ಉಳಿ ಕೆಳಗಿಟ್ಟೆ.

ಗ್ರೀಸಿನ ಉಪಾಯ

ಹಿಂದೆ ಒಬ್ಬ ಟ್ರ್ಯಾಕ್ಟರ್ ಮೇಸ್ತ್ರಿ ಹೇಳಿದ್ದು ನೆನಪಾಯಿತು. ಕುಳಿ ತುಂಬ ಗ್ರೀಸ್ ತುಂಬಬೇಕು. ಬುಷ್ ತೂತಿಗೆ ಸರಿಯಾಗಿ ಕೂರುವ ಸರಳು ಇಟ್ಟು ಸುತ್ತಿಗೆಯಲ್ಲಿ ಹೊಡೀಬೇಕು. ಗ್ರೀಸ್ ಕುಗ್ಗುವುದಿಲ್ಲ, ಜಾಗ ಹುಡುಕುತ್ತಾ ಬುಷ್‌ನ ಹಿಂದೆ ಸೇರಿ ಅದನ್ನೇ ಹೊರಗೆ ತಳ್ಳುತ್ತದೆ. ಹೈಸ್ಕೂಲ್ ಓದುವ ಮಗಳು, "ಅಪ್ಪಾ, ಇದು ಪಾಸ್ಕಲ್ ನಿಯಮ, ಲಾರಿ ಎತ್ತೋ ಜಾಕಿನಲ್ಲೂ ಇದೇ" ಅಂದಳು. ನಾನು ಓದಿದ್ದು ಏಳನೇ ಕ್ಲಾಸು, ನಮಗೆ ಅದು ಬಂದಿರಲಿಲ್ಲ.

ಸರಳಿಗೆ ಗುಜರಿಯಲ್ಲಿ ಅದೇ ಜೀಪಿನ ಹಳೇ ಗೇರ್ ಶಾಫ್ಟ್ ಸಿಕ್ಕಿತು, 150 ರೂಪಾಯಿ. ಅದರ ಮೂತಿ ಬುಷ್‌ಗೆಂದೇ ಮಾಡಿದ್ದಲ್ಲವೇ! ಗ್ರೀಸ್ ತುಂಬಿ ಒಂದು ಏಟು ಹಾಕಿದೆ. ಪಚಕ್ಕನೆ ಗ್ರೀಸೆಲ್ಲ ನನ್ನ ಮುಖಕ್ಕೆ. ಬುಷ್ ಸವೆದು ತೂತು ಅಗಲವಾಗಿತ್ತು, ಸಂದಿಯಲ್ಲಿ ಗ್ರೀಸ್ ಸೋರಿತು. ಮೂತಿಗೆ ವೈರಿಂಗ್ ಟೇಪ್ ಸುತ್ತಿ ಮತ್ತೆ ಹೊಡೆದೆ. ಕಾಲಂಗುಲ ಬಂದು ಬುಷ್ ಅಲ್ಲೇ ನಿಂತಿತು. ಮತ್ತೆ ಸೋರಿಕೆ. ಎರಡು ದಿನ ಇದೇ ಆಯಿತು. ಅತ್ತ ಸಸಿಗಳ ಎಲೆ ಮುದುಡುತ್ತಿದ್ದವು.

ಹಸಿ ಕಾಗದ ಗೆದ್ದಿತು

ಮೂರನೇ ದಿನ ನಮ್ಮೂರ ಹಳೇ ಲಾರಿ ಡ್ರೈವರ್ ತಾತ ಬಂದರು. ನೋಡಿ ನಕ್ಕು, "ಗ್ರೀಸು ತೆಳ್ಳಗಾಯ್ತು ಕಣಪ್ಪ. ಹಸಿ ಕಾಗದ ತುರುಕು" ಅಂದರು. ಗ್ರೀಸೆಲ್ಲ ಬಳಿದು ತೆಗೆದೆ. ಹಳೇ ಪೇಪರ್ ಹರಿದು ನೀರಲ್ಲಿ ನೆನೆಸಿ, ಹಿಂಡಿ, ಉಂಡೆ ಮಾಡಿ ಕುಳಿಗೆ ತುಂಬಿದೆ. ಶಾಫ್ಟ್ ಇಟ್ಟು ಹೊಡೆದೆ. ಕಾಗದ ಒಳಗಿಳಿದಂತೆ ಮತ್ತೆ ತುಂಬಿದೆ, ಮತ್ತೆ ಹೊಡೆದೆ. ಕಾಗದ ಸಂದಿಯಲ್ಲಿ ಸೋರುವುದಿಲ್ಲ, ಒತ್ತಿ ಒತ್ತಿ ಕಲ್ಲಿನಂತೆ ಆಗುತ್ತದೆ. ಐದಾರು ಸಲ ತುಂಬುವಷ್ಟರಲ್ಲಿ ಬುಷ್ ತಾನಾಗಿ ಜಾರಿ ಕೈಗೆ ಬಂತು!

ಹೊಸದು ಕೂರಿಸುವಾಗ

ಕುಳಿಯಲ್ಲಿ ಕಾಗದದ ಚೂರೂ ಉಳಿಯಬಾರದು. ಉಳಿಯ ಗೀರಿನ ಉಬ್ಬನ್ನು ನುಣುಪು ಎಮರಿ ಕಾಗದದಲ್ಲಿ ತಿಕ್ಕಿ ಒರೆಸಿದೆ. ಹೊಸ ಬುಷ್‌ನ ಕಂಚಿನಲ್ಲಿ ಕಣ್ಣಿಗೆ ಕಾಣದ ತೂತುಗಳಿದ್ದು ಅದು ಎಣ್ಣೆ ಕುಡಿಯುತ್ತದೆ. ಹಾಗಾಗಿ ರಾತ್ರಿಯೆಲ್ಲ ಎಂಜಿನ್ ಆಯಿಲಿನಲ್ಲಿ ಮುಳುಗಿಸಿಟ್ಟಿದ್ದೆ. ಒಳಗೆ ಗ್ರೀಸ್ ಹಚ್ಚಬೇಡಿ, ಆ ತೂತು ಮುಚ್ಚುತ್ತವೆ. ಬುಷ್‌ನ ಮೇಲೆ ನೇರ ಸುತ್ತಿಗೆ ಬೇಡ. ಅದೇ ಹಳೇ ಶಾಫ್ಟಿನ ಮೂತಿಗೆ ಏರಿಸಿ ಮೆಲ್ಲಗೆ ತಟ್ಟಿ ಕೂರಿಸಿದೆ. ಕೂತ ಮೇಲೆ ತೂತು ಸ್ವಲ್ಪ ಬಿಗಿಯಾಗುವುದುಂಟು. ಶಾಫ್ಟ್ ಸಲೀಸಾಗಿ ತಿರುಗುತ್ತದೆಯೇ ನೋಡಿಯೇ ಮುಂದಿನ ಕೆಲಸ. ಕ್ಲಚ್ ಪ್ಲೇಟ್ ನಡುವಿಗೆ ಸರಿಯಾಗಿ ಹಿಡಿಯಲೂ ಆ ಶಾಫ್ಟೇ ಒದಗಿತು.

ನೆನಪಿರಲಿ:

* ಹೊಡೆಯುವಾಗ ಕನ್ನಡಕ ಹಾಕಿ, ಗ್ರೀಸ್ ಕಣ್ಣಿಗೆ ಹಾರುತ್ತದೆ.
* ಬ್ಯಾಟರಿ ಬಿಟ್ಟು ಕುಳಿಯ ತಳ ನೋಡಿ. ತಳ ಗಟ್ಟಿ ಕಬ್ಬಿಣವಾಗಿದ್ದರೆ ಮಾತ್ರ ಈ ಉಪಾಯ. ಮುಚ್ಚಳ ಹೊಡೆದಿದ್ದರೆ ಬೇಡ.
* ಬುಷ್ ಎಷ್ಟು ಆಳದಲ್ಲಿ ಕೂತಿತ್ತು ಎಂದು ಮೊದಲೇ ಅಳೆದಿಡಿ.
* ಕ್ಲಚ್ ಪ್ಲೇಟಿಗೆ ಗ್ರೀಸ್ ತಾಗಬಾರದು, ತಾಗಿದರೆ ಕ್ಲಚ್ ಜಾರುತ್ತದೆ.

ನಾಲ್ಕನೇ ದಿನ ಸಂಜೆ ಡ್ರಮ್ಮು ಹೇರಿಕೊಂಡು ಹೊಲಕ್ಕೆ ಹೋದೆ. 140ರಲ್ಲಿ 9 ಸಸಿ ಒಣಗಿದ್ದವು, ಉಳಿದವು ಬದುಕಿದವು. ಬುಷ್ 120, ಶಾಫ್ಟ್ 150, ಆಳುಗಳಿಗೆ ಊಟ ಕಾಫಿ, ಇಷ್ಟೇ ಖರ್ಚು. ಮೊದಲ ದಿನವೇ ಉಳಿ ಬಿಟ್ಟು ತಾತನನ್ನು ಕೇಳಿದ್ದರೆ ಆ ಒಂಬತ್ತೂ ಉಳಿಯುತ್ತಿದ್ದವೇನೋ. ಊರಲ್ಲಿ ಇಂಥ ಹಳಬರು ಇದ್ದರೆ ಅವರು ಇರುವಾಗಲೇ ಕೇಳಿ ಕಲಿತುಕೊಳ್ಳಿ.