ಓಡಿಹೋದ ಅಪ್ಪನ ಕ್ಷಮೆ

‘ಪೋಪ್’ ಅನ್ನೋ ಪದದ ಮೂಲ ಅರ್ಥ ಅಪ್ಪ, ಅಷ್ಟೇ. ಮೂರನೇ ಶತಮಾನದಲ್ಲಿ ಅದಿನ್ನೂ ರೋಮ್ ಬಿಷಪ್ಪರ ಸ್ವತ್ತಾಗಿರಲಿಲ್ಲ. ಉತ್ತರ ಆಫ್ರಿಕಾದ ಕಾರ್ತೇಜ್‌ನ ಬಿಷಪ್ ಸಿಪ್ರಿಯನ್‌ಗೆ ರೋಮ್‌ನ ಪಾದ್ರಿಗಳೇ ‘ಪಾಪಾ’ ಅಂತ ಸಂಬೋಧಿಸಿ ಪತ್ರ ಬರೆದಿದ್ದಾರೆ.

ಈ ಅಪ್ಪನಿಗೆ ಪರೀಕ್ಷೆ ಬಂದದ್ದು ಕ್ರಿ.ಶ. 250ರಲ್ಲಿ. ದೇವತೆಗಳಿಗೆ ಬಲಿ ಕೊಡಿ, ಕೊಟ್ಟಿದ್ದಕ್ಕೆ ಸರ್ಟಿಫಿಕೇಟ್ ತಗೊಳ್ಳಿ ಎಂದು ಚಕ್ರವರ್ತಿ ಡೆಸಿಯಸ್ ಆಜ್ಞೆ ಹೊರಡಿಸಿದ. (ಕಾಗದ ತೋರಿಸು ಅನ್ನೋ ಸರ್ಕಾರ ಹೊಸದೇನಲ್ಲ.) ಹಲವು ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಲಂಚ ಕೊಟ್ಟು ಬರೀ ಕಾಗದ ಮಾಡಿಸಿಕೊಂಡರು. ಸಿಪ್ರಿಯನ್ ತಲೆಮರೆಸಿಕೊಂಡ; ಅಲ್ಲಿಂದಲೇ ಪತ್ರ ಬರೆದು ಚರ್ಚ್ ನಡೆಸಿದ, ಬಡವರಿಗೆ ಹಣ ಕಳಿಸಿದ.

ತಪ್ಪಿದವರು ವಾಪಸ್ ಬರ್ತೀವಿ ಅಂದಾಗ, ಜೈಲು ಸೇರಿದ್ದ ಕ್ರೈಸ್ತರು ಧಾರಾಳವಾಗಿ ಕ್ಷಮಾಪತ್ರ ಬರೆದುಕೊಟ್ಟರು. ಸಿಪ್ರಿಯನ್ ಒಪ್ಪಲಿಲ್ಲ, ತೀರ್ಮಾನ ಬಿಷಪ್ಪರದ್ದು ಅಂದ. ಓಡಿಹೋದವನು ಜೈಲಲ್ಲಿದ್ದವರ ಮಾತು ತಳ್ಳಿಹಾಕೋದೇ? ನನಗಂತೂ ಇದರಲ್ಲಿ ಕಾಳಜಿಗಿಂತ ಅಧಿಕಾರವೇ ಮೊದಲು ಕಾಣಿಸ್ತದೆ.

ಆದರೆ ಅವನು ಅಲ್ಲೇ ನಿಲ್ಲಲಿಲ್ಲ. 251ರಲ್ಲಿ ಬಿಷಪ್ಪರ ಸಭೆ ಸೇರಿಸಿ, ಕಾಗದ ಕೊಂಡವರ ಪ್ರಕರಣಗಳನ್ನು ಒಂದೊಂದಾಗಿ ನೋಡಿಸಿದ. ಬಲಿ ಕೊಟ್ಟವರಿಗೆ ಸಾಯೋ ಹೊತ್ತಲ್ಲಷ್ಟೇ ಕ್ಷಮೆ ಎಂದಾಯಿತು. ಮತ್ತೊಂದು ದಮನ ಬರಬಹುದು ಅನ್ನಿಸಿದಾಗ ಅದನ್ನೂ ಸಡಿಲಿಸಿ, ಪಶ್ಚಾತ್ತಾಪದಲ್ಲಿದ್ದ ಎಲ್ಲರನ್ನೂ ಒಳಗೆ ಕರೆದುಕೊಂಡರು.

258ರಲ್ಲಿ ತನ್ನನ್ನು ಯೂಟಿಕಾ ಊರಿಗೆ ಒಯ್ಯಲು ಸೈನಿಕರು ಬರ್ತಾರೆ ಅಂತ ತಿಳಿದು ಸಿಪ್ರಿಯನ್ ಮತ್ತೆ ಅಡಗಿದ. ಸಾಯೋದಾದ್ರೆ ನನ್ನ ಜನರ ನಡುವೆ, ಕಾರ್ತೇಜ್‌ನಲ್ಲೇ ಅನ್ನೋದು ಅವನ ಹಟ. ಸೆಪ್ಟೆಂಬರ್ 14ರಂದು ಅಲ್ಲೇ ಅವನ ತಲೆ ಕಡಿದರು.