ಡಾಂಬರಿನ ಕೆಳಗಿನ ಲೆಕ್ಕ

ರಸ್ತೆ ಕಾಮಗಾರಿಯಲ್ಲಿ ಹಣ ಎಲ್ಲಿ ಸೋರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಟೆಂಡರಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಸೋರುವುದು ಸುಳ್ಳಲ್ಲ. ಆದರೆ ಟೆಂಡರು ಎಷ್ಟೇ ಶುದ್ಧವಾಗಿ ನಡೆದಿದ್ದರೂ ಸೋರಿಕೆಗೆ ಇನ್ನೊಂದು ಜಾಗ ಉಳಿದಿರುತ್ತದೆ. ಅದು ರಸ್ತೆಯ ಹೊಟ್ಟೆ. ಒಂದು ಲೋಡು ಜಲ್ಲಿಯ ಬೆಲೆ ಎಷ್ಟು ಎಂಬುದು ಊರಲ್ಲಿ ಮನೆ ಕಟ್ಟಿಸಿದ ಪ್ರತಿಯೊಬ್ಬರಿಗೂ ಗೊತ್ತು. ದರ ಏರಿಸಿ ಬಿಲ್ ಬರೆದರೆ ಯಾರಾದರೂ ಪ್ರಶ್ನೆ ಮಾಡುತ್ತಾರೆ. ಎಷ್ಟು ಲೋಡು ಬಿತ್ತು ಎಂಬುದನ್ನು ಮಾತ್ರ ನಿಂತು ಎಣಿಸಿದವರು ಯಾರೂ ಇರುವುದಿಲ್ಲ. ಡಾಂಬರು ಬಿದ್ದ ಮೇಲೆ ಎಣಿಸುವ ದಾರಿಯೂ ಮುಚ್ಚಿಹೋಗುತ್ತದೆ.

ಇದು ಬರೀ ಅನುಮಾನವಲ್ಲ, ಅಗೆದು ನೋಡಿ ಕಂಡುಕೊಂಡ ಸತ್ಯ. ಅಗೆದದ್ದು ಇಂಡೋನೇಷ್ಯಾದಲ್ಲಿ. 2003-04ರ ಸುಮಾರಿಗೆ ಪೂರ್ವ ಮತ್ತು ಮಧ್ಯ ಜಾವಾದ 608 ಹಳ್ಳಿಗಳಲ್ಲಿ, ವಿಶ್ವಬ್ಯಾಂಕಿನ ನೆರವಿದ್ದ ಒಂದು ಗ್ರಾಮಾಭಿವೃದ್ಧಿ ಯೋಜನೆಯಡಿ ಸಣ್ಣ ಸಣ್ಣ ರಸ್ತೆಗಳು ತಯಾರಾಗುತ್ತಿದ್ದವು. ಕೆಳಗೆ ಮರಳು, ಅದರ ಮೇಲೆ ದಪ್ಪ ಕಲ್ಲು, ಎಲ್ಲಕ್ಕಿಂತ ಮೇಲೆ ಸಣ್ಣ ಜಲ್ಲಿ. ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿ ಒಂದು ಪ್ರಯೋಗ ನಡೆಸಿದರು. ರಸ್ತೆ ಮುಗಿದ ಮೇಲೆ ಎಂಜಿನಿಯರುಗಳು ಅಲ್ಲಲ್ಲಿ ಗುಂಡಿ ತೋಡಿ ಒಂದೊಂದು ಪದರದ ದಪ್ಪ ಅಳೆದರು. ಸುತ್ತಲಿನ ವ್ಯಾಪಾರಿಗಳಲ್ಲಿ ಕಲ್ಲು, ಮರಳಿನ ದರ ಕೇಳಿದರು. ಕೂಲಿಗೆ ಬಂದವರನ್ನು ಹುಡುಕಿ, ಕೈಗೆ ಎಷ್ಟು ಸಿಕ್ಕಿತು ಎಂದು ವಿಚಾರಿಸಿದರು. ಕೆಲಸ ಮಾಡುವಾಗ ಒಂದಷ್ಟು ಮರಳು, ಕಲ್ಲು ಸಹಜವಾಗಿಯೇ ನಷ್ಟವಾಗುತ್ತದೆ. ಆ ನಷ್ಟವನ್ನು ಕಳ್ಳತನದ ಲೆಕ್ಕಕ್ಕೆ ಸೇರಿಸಬಾರದೆಂದು, ತಾವೇ ಪುಟ್ಟ ಪ್ರಯೋಗದ ರಸ್ತೆಗಳನ್ನು ಹಾಕಿಸಿ, ಎಷ್ಟು ಹಾಕಿದರೆ ಎಷ್ಟು ಸಿಗುತ್ತದೆ ಎಂದು ತಿಳಿದುಕೊಂಡರು. ಆರೋಪ ಹೊರಿಸುವ ಮೊದಲು ಇಷ್ಟು ಎಚ್ಚರ ವಹಿಸಿದ ಕ್ರಮ ನನಗೆ ತುಂಬ ಮೆಚ್ಚುಗೆಯಾದದ್ದು. ಹೀಗೆ ಸಿಕ್ಕಿದ ವೆಚ್ಚಕ್ಕೂ ಹಳ್ಳಿಯವರು ಬರೆದು ಕೊಟ್ಟ ವೆಚ್ಚಕ್ಕೂ ಇರುವ ಅಂತರವೇ ಕಾಣೆಯಾದ ಹಣ.

ಕೆಲವು ಹಳ್ಳಿಗಳಿಗೆ ಕೆಲಸ ಶುರುವಾಗುವ ಮೊದಲೇ ಒಂದು ಮಾತು ತಿಳಿಸಲಾಗಿತ್ತು: ಸರ್ಕಾರದ ಲೆಕ್ಕ ತಪಾಸಣೆಯವರು ನಿಮ್ಮಲ್ಲಿಗೆ ಬಂದೇ ಬರುತ್ತಾರೆ, ವರದಿಯನ್ನು ಊರ ಸಭೆಯಲ್ಲಿ ಓದುತ್ತಾರೆ. ಅದಕ್ಕೂ ಮುಂಚೆ ತಪಾಸಣೆಯ ಸಾಧ್ಯತೆ ನೂರಕ್ಕೆ ನಾಲ್ಕರಷ್ಟಿತ್ತು. ಮಾಮೂಲಿನಂತೆ ಬಿಟ್ಟ ಹಳ್ಳಿಗಳಲ್ಲಿ ನೂರು ರೂಪಾಯಿಗೆ ಸುಮಾರು 28 ರೂಪಾಯಿ ಕಾಣೆಯಾಗಿತ್ತು. ತಪಾಸಣೆ ಖಚಿತವೆಂದು ಗೊತ್ತಿದ್ದಲ್ಲಿ ಅದು ಸುಮಾರು 19ಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ. ತಪಾಸಣೆಯವರ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು ರಸೀದಿ ಇಲ್ಲದಿರುವುದು, ಕ್ರಮ ತಪ್ಪಿರುವುದು, ಇಂಥವು. ಅಷ್ಟರಿಂದ ಯಾರ ಮೇಲೂ ಕೇಸು ನಿಲ್ಲುವುದಿಲ್ಲ. ಇನ್ನೊಂದು ಬದಲಾವಣೆಯೂ ಕಂಡಿತು: ತಪಾಸಣೆ ಬರುತ್ತದೆಂದು ಗೊತ್ತಿದ್ದ ಹಳ್ಳಿಗಳಲ್ಲಿ, ಯೋಜನೆ ನಡೆಸುವವರ ನೆಂಟರಿಷ್ಟರಿಗೆ ಕೆಲಸ ಸಿಗುವುದು ಹೆಚ್ಚಾಯಿತು. ಒಂದು ಬಾಗಿಲು ಮುಚ್ಚಿದಾಗ ಲಾಭ ಇನ್ನೊಂದು ಬಾಗಿಲಲ್ಲಿ ನುಸುಳುತ್ತದೆ.

ಪ್ರಯೋಗದ ಇನ್ನೊಂದು ಭಾಗ ನಮ್ಮಂಥವರು ಗಮನವಿಟ್ಟು ಓದಬೇಕಾದದ್ದು. ಲೆಕ್ಕ ಒಪ್ಪಿಸುವ ಸಭೆಗೆ ಬನ್ನಿ ಎಂದು ಕೆಲವು ಹಳ್ಳಿಗಳಲ್ಲಿ ನೂರಾರು ಆಹ್ವಾನಪತ್ರ ಹಂಚಿದರು. ಇನ್ನು ಕೆಲವೆಡೆ ಹೆಸರು ಬರೆಯದೆ ದೂರು ಕೊಡಲು ಚೀಟಿಗಳನ್ನೂ ಕೊಟ್ಟರು. ಜನ ಬಂದರು, ಮಾತಾಡಿದರು. ಒಟ್ಟು ಸೋರಿಕೆ ಮಾತ್ರ ಹೆಚ್ಚೇನೂ ಕಡಿಮೆಯಾಗಲಿಲ್ಲ. ಕೂಲಿ ಹಣ ಕದಿಯುವುದು ಇಳಿಯಿತು, ಏಕೆಂದರೆ ತನ್ನ ಕೂಲಿ ಎಷ್ಟು ಬರಬೇಕಿತ್ತು ಎಂಬುದು ಕೂಲಿಯವನಿಗೆ ಗೊತ್ತು. ಕಲ್ಲು, ಮರಳಿನ ಕಳ್ಳತನ ಇದ್ದಲ್ಲೇ ಇತ್ತು. ಚೀಟಿಗಳನ್ನು ಓಣಿಯ ಮುಖಂಡರ ಕೈಲಿ ಹಂಚಿಸಿದ ಕಡೆಗಿಂತ ಶಾಲೆಯ ಮೂಲಕ ಹಂಚಿಸಿದ ಕಡೆ ಫಲ ಚೆನ್ನಾಗಿತ್ತು ಎಂಬುದನ್ನೂ ನೆನಪಿಡಬೇಕು. ಅದೇ ಹಳ್ಳಿಗಳ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ ಕಾರಣ ಇನ್ನಷ್ಟು ಸ್ಪಷ್ಟವಾಯಿತು: ದರ ಏರಿಸಿದ್ದನ್ನು ಊರಿನವರು ಗುರುತಿಸಬಲ್ಲವರಾಗಿದ್ದರು, ಪ್ರಮಾಣ ಏರಿಸಿದ್ದನ್ನು ಗುರುತಿಸಲಾಗುತ್ತಿರಲಿಲ್ಲ. ಹಾಗಾಗಿ ಕಳ್ಳತನವೆಲ್ಲ ಹೆಚ್ಚುಕಡಿಮೆ ಪ್ರಮಾಣದಲ್ಲೇ ಅಡಗಿತ್ತು.

ನಮ್ಮ ರಸ್ತೆಗಳಿಗೆ ಇದನ್ನು ಹೊಂದಿಸಿ ನೋಡೋಣ. 1 ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲದ ಹಳ್ಳಿ ರಸ್ತೆ. ಅಂದಾಜು ಪಟ್ಟಿಯಲ್ಲಿ ವೆಟ್‌ಮಿಕ್ಸ್ ಎಂಬ ಜಲ್ಲಿಯ ಪದರ 15 ಸೆಂಟಿಮೀಟರ್ ಎಂದಿದೆ ಎನ್ನಿ. ಲೆಕ್ಕದ ಪ್ರಕಾರ 562.5 ಘನ ಮೀಟರ್ ಬೇಕು. ಹಾಕಿದ್ದು 11 ಸೆಂಟಿಮೀಟರ್ ಆದರೆ 412.5 ಸಾಕು. ನಾಲ್ಕೇ ಸೆಂಟಿಮೀಟರಿನಲ್ಲಿ 150 ಘನ ಮೀಟರ್ ಮಾಯ. ದೊಡ್ಡ ಟಿಪ್ಪರಿಗೆ 10 ಘನ ಮೀಟರ್ ಎಂದು ಹಿಡಿದರೂ 15 ಲೋಡು. ಮೇಲೆ ನಿಂತು ನೋಡಿದರೆ ಎರಡೂ ರಸ್ತೆ ಒಂದೇ ಥರ ಕರ್ರಗೆ ಮಿಂಚುತ್ತವೆ. ವ್ಯತ್ಯಾಸ ಹೊರಬೀಳಲು ಒಂದೆರಡು ಮಳೆಗಾಲ, ಒಂದಷ್ಟು ಕಬ್ಬಿನ ಲಾರಿ ಬೇಕು.

2021ರಲ್ಲಿ ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ. 40ರಷ್ಟು ಕಮಿಷನ್ ಕೇಳುತ್ತಾರೆ ಎಂದು ಆರೋಪಿಸಿತ್ತು. ಆ ಆರೋಪದ ರಾಜಕೀಯ ಏನೇ ಇರಲಿ, ಕಮಿಷನ್ ಎಂಬುದು ಎಲ್ಲೇ ಇದ್ದರೂ, ಎಷ್ಟೇ ಇದ್ದರೂ, ಗುತ್ತಿಗೆದಾರ ಅದನ್ನು ತನ್ನ ಮನೆಯಿಂದ ತಂದು ಕೊಡುವುದಿಲ್ಲ. ಪದರದ ದಪ್ಪದಿಂದಲೇ ಅದು ಹೊರಡಬೇಕು.

ಟೆಂಡರಿನ ಹಂತಕ್ಕೆ ನಮ್ಮಲ್ಲಿ ಕಾನೂನಿನ ಬೇಲಿ ಚೆನ್ನಾಗಿಯೇ ಇದೆ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ, ಇ-ಪ್ರೊಕ್ಯೂರ್‌ಮೆಂಟ್ ಇದೆ, ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇದೆ. ಇವೆಲ್ಲ ಕಾಯುವುದು ಮುಖ್ಯವಾಗಿ ದರವನ್ನು ಮತ್ತು ಸ್ಪರ್ಧೆಯನ್ನು. ಪ್ರಮಾಣವನ್ನು ಕಾಯುವುದು ಅಳತೆ ಪುಸ್ತಕ. ಕಚೇರಿಯಲ್ಲಿ ಎಲ್ಲರೂ ಎಂ.ಬಿ. ಎನ್ನುತ್ತಾರೆ. ಎಂಜಿನಿಯರ್ ಸ್ಥಳದಲ್ಲಿ ಅಳೆದು ಉದ್ದ, ಅಗಲ, ದಪ್ಪ ಬರೆಯಬೇಕು, ಮೇಲಧಿಕಾರಿ ಅದನ್ನು ಮತ್ತೆ ಅಳೆದು ಸಹಿ ಹಾಕಬೇಕು. ಬಿಲ್ ಆಗುವುದು ಆ ಪುಟಗಳ ಮೇಲೆ. ರಸ್ತೆಯ ಜಾತಕವೆಲ್ಲ ಅದರಲ್ಲಿದ್ದರೂ ಊರಿನವರು ಅದನ್ನು ಕೇಳುವುದು ಅಪರೂಪ.

ಕೇಳುವ ಹಕ್ಕು ಮಾತ್ರ ಗಟ್ಟಿಯಾಗಿದೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಜನ ಸುನ್ವಾಯಿ ಎಂಬ ಬಹಿರಂಗ ವಿಚಾರಣೆಗಳನ್ನು ನಡೆಸಿ, ಕೂಲಿಯವರ ಹಾಜರಿ ಪಟ್ಟಿಗಳಾದ ಮಸ್ಟರ್ ರೋಲುಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿತು. 2002ರಲ್ಲಿ ದೆಹಲಿಯ ಸುಂದರ್ ನಗರಿಯಲ್ಲಿ ಪರಿವರ್ತನ್ ಸಂಘಟನೆ 68 ಕಾಮಗಾರಿಗಳ ಕಾಗದ ಪಡೆದು ಬೀದಿ ಬೀದಿ ತಾಳೆ ನೋಡಿತು, ಸುಮಾರು 1.3 ಕೋಟಿ ರೂಪಾಯಿಯಲ್ಲಿ 70 ಲಕ್ಷದಷ್ಟು ಕೆಲಸ ಕಾಣಲಿಲ್ಲವೆಂದು ಬಹಿರಂಗ ಸಭೆಯಲ್ಲಿ ಹೇಳಿತು. 2005ರ ಮಾಹಿತಿ ಹಕ್ಕು ಕಾಯ್ದೆ ಇಂಥ ಅನುಭವಗಳಿಂದಲೇ ಹುಟ್ಟಿದ್ದು. ಅದರ 2(ಜೆ) ಕಲಂ ಕಡತದ ನಕಲಿಗಷ್ಟೇ ನಿಲ್ಲುವುದಿಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಜಾವಾದಲ್ಲಿ ಗುಂಡಿ ತೋಡಿ ಮಾಡಿದ್ದನ್ನು ನಮ್ಮಲ್ಲಿ ಕಾನೂನಿನ ಮೂಲಕ ಕೇಳಬಹುದು. ಇಷ್ಟು ದೊಡ್ಡ ಹಕ್ಕು ಇಷ್ಟು ಕಡಿಮೆ ಬಳಕೆಯಾಗುತ್ತಿರುವುದು ನನಗೆ ನೋವಿನ ಸಂಗತಿ.

ತೊಡಕಿರುವುದು ಸಮಯದಲ್ಲಿ. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಸಣ್ಣ ರಸ್ತೆಯ ಜಲ್ಲಿಯ ಪದರಗಳೆಲ್ಲ ಮುಚ್ಚಿರುತ್ತವೆ. ಆದ್ದರಿಂದ ಅರ್ಜಿ ಹಾಕಬೇಕಾದದ್ದು ಕಾರ್ಯಾದೇಶ ಹೊರಟ ಕೂಡಲೇ: ಅಂದಾಜು ಪಟ್ಟಿ, ರಸ್ತೆಯ ಅಡ್ಡ ಸೀಳಿನ ನಕ್ಷೆ, ಕರಾರು ಪತ್ರ. ಎಂ.ಬಿ. ಪುಟಗಳಿಗೆ ಆಮೇಲೆ ಇನ್ನೊಂದು ಅರ್ಜಿ. ನಕ್ಷೆ ಕೈಲಿದ್ದರೆ, ಡಾಂಬರು ಬೀಳುವ ಮುನ್ನ ರಸ್ತೆಯ ಅಂಚಿನಲ್ಲಿ ಟೇಪು ಹಿಡಿದು ಅಳತೆ ನೋಡಬಹುದು, ಫೋಟೊ ತೆಗೆದಿಡಬಹುದು. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ. ಆದರೂ 15 ಇರಬೇಕಾದಲ್ಲಿ 11 ಇದ್ದರೆ ಟೇಪಿಗೆ ಗೊತ್ತಾಗುತ್ತದೆ, ಮುಂದಿನ ದೂರಿಗೆ ಆಧಾರ ಸಿಗುತ್ತದೆ.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಇನ್ನೊಂದು ಅನುಕೂಲವಿದೆ. ಕಟ್ಟಿದ ಗುತ್ತಿಗೆದಾರನೇ 5 ವರ್ಷ ನಿರ್ವಹಣೆ ಮಾಡಬೇಕು, ದೋಷ ಸರಿಪಡಿಸಬೇಕು. ಆ ಅವಧಿ ಕಾಮಗಾರಿ ಮುಗಿದ ದಿನದಿಂದ ಶುರುವಾಗುತ್ತದೆ. ರಸ್ತೆ ಬದಿಯ ಫಲಕದಲ್ಲಿ ಆ ದಿನಾಂಕವಿದ್ದರೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಮೊದಲ ಅರ್ಜಿಯಲ್ಲಿ ಅದನ್ನೂ ಕೇಳಿ.